ಮುಂಬಾಗಿಲ ಮೇಲಿನ ತೆರಿಗೆ

ಕಳೆದ ಭಾನುವಾರ ಬೆಳಿಗ್ಗೆ ನಾನು ಟೇಪು ಹಿಡಿದು ಒಂದು ಹಿತ್ತಲನ್ನು ಅಳೆದೆ. ಬಾವಿ, ಬಟ್ಟೆ ಒಗೆಯುವ ಕಲ್ಲು, ತೆಂಗಿನ ಮರದ ಬುಡ, ಸೌದೆ ಒಟ್ಟುವ ಮೂಲೆ, ಒಂದನ್ನೂ ಬಿಡಲಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿದಿದ್ದವರು ನಮ್ಮ ಆಡಿಟರ್ ರಾಯರು. ಮನೆ ಮಾತ್ರ ನನ್ನದಲ್ಲ. ಹೋದ ವರ್ಷವೇ ಮಾರಿದ್ದೇನೆ.

ಕೊಂಡವರು ಮೂರ್ತಿ. ಕಾಫಿ ಲೋಟ ಹಿಡಿದು ಅಡುಗೆಮನೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ ತಡೆಯಲಾಗದೆ ಹಿತ್ತಲಿಗೆ ಇಳಿದು ಬಂದರು.

"ಏನ್ ಸಾರ್, ಅಳತೆಯಲ್ಲಿ ಏನಾದ್ರೂ ವ್ಯತ್ಯಾಸ ಇದೆಯಾ? ರಿಜಿಸ್ಟ್ರೇಷನ್ ಎಲ್ಲಾ ಆಗ್ಹೋಗಿದೆ ಅಲ್ವಾ?"

ಪಾಪ, ಮುಖ ಬಿಳಿಚಿಕೊಂಡಿತ್ತು. ನಿಮ್ಮ ಮನೆಗೆ ಏನೂ ಆಗಿಲ್ಲ, ಗಂಡಾಂತರ ಇರುವುದು ನನಗೆ ಎಂದು ಸಮಾಧಾನ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ. ನಾವು ಅಳೆದು ಮುಗಿಸುವವರೆಗೂ ಬಾವಿಕಟ್ಟೆಯ ಪಕ್ಕ ನಿಂತೇ ಇದ್ದರು.

ಮಾರಿದ ಮನೆಯ ಹಿತ್ತಲನ್ನು ಅಳೆಯುವ ಕರ್ಮ ಯಾಕೆ ಬಂತು? ಹೇಳುತ್ತೇನೆ. ನೀವೂ ಮನೆ ಕಟ್ಟಿಸಿದವರಾದರೆ ಸ್ವಲ್ಪ ಗಮನವಿಟ್ಟು ಓದಿ.

ನಾನು ಧಾರವಾಡದ ಕಡೆಯವನು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಕೆಲಸ ಹಿಡಿದು ಬೆಂಗಳೂರಿಗೆ ಬಂದೆ. ಯಶವಂತಪುರದಲ್ಲಿ ಸೈಟು ಅಗ್ಗಕ್ಕೆ ಸಿಕ್ಕಿತು. ಸಾಲ ಮಾಡಿ ಮನೆ ಕಟ್ಟಿದೆ. ಮುಂದೆ ಹಾಲ್, ಎರಡು ರೂಮು, ದೊಡ್ಡ ಅಡುಗೆಮನೆ, ತೇಗದ ಮುಂಬಾಗಿಲು. ಹಿಂದೆ, ಹಿತ್ತಲಲ್ಲಿ, ಹೆಂಚಿನ ಎರಡು ಕೋಣೆ. ಗೃಹಪ್ರವೇಶಕ್ಕೆ ಊರಿನಿಂದ ನೆಂಟರೆಲ್ಲ ಬಂದರು, ಹಾಲು ಉಕ್ಕಿತು, ಹೋಳಿಗೆ ಉಂಡರು, ಹೊಗಳಿ ಹೊರಟರು.

ಮರುವಾರವೇ ಗೇಟಿಗೆ 'ಟು ಲೆಟ್' ಬೋರ್ಡು ಬಿತ್ತು. ನಾವು ಗಂಟುಮೂಟೆ ಎತ್ತಿಕೊಂಡು ಹಿತ್ತಲಿಗೆ ಸರಿದೆವು.

ಬೆಂಗಳೂರಿನವರಿಗೆ ಈ ಪದ್ಧತಿ ಹೊಸದಲ್ಲ. ಮುಂದಿನ ಮನೆಯ ಬಾಡಿಗೆ ಸಾಲದ ಕಂತಿಗೆ, ಹಿಂದಿನ ಕೋಣೆ ಓನರ ಸಂಸಾರಕ್ಕೆ. ನಮ್ಮ ಬೀದಿಯಲ್ಲಿ ಅರ್ಧ ಜನ ಓನರುಗಳು ಹೀಗೆಯೇ ಬದುಕುತ್ತಿದ್ದಾರೆ. ಬೆಲ್ ಒತ್ತಿದರೆ ಬಾಡಿಗೆದಾರರು ಬಂದು, ಓನರ್ ಬೇಕಾ, ಮನೆ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋಗಿ ಎನ್ನುತ್ತಾರೆ. (ನಮ್ಮ ಸೋದರಮಾವ ಒಮ್ಮೆ ಆ ಮಾತು ಕೇಳಿ, ನಾನು ಮನೆ ಕಳೆದುಕೊಂಡಿದ್ದೇನೆಂದು ಊರೆಲ್ಲ ಸುದ್ದಿ ಮಾಡಿದ್ದ.)

ಸಾಲ ತೀರಿದ ಮೇಲೆ ಮುಂದಿನ ಮನೆಗೆ ಹೋಗೋಣ ಎಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಸಾಲ ತೀರಿತು. ಆದರೆ ಬಾಡಿಗೆಗೆ ಬಂದಿದ್ದ ಮೂರ್ತಿ ಏಳಬೇಕಲ್ಲ? ಬಾಡಿಗೆ ತಪ್ಪಿಸಿದವರಲ್ಲ, ಜೋರಾಗಿ ಮಾತಾಡಿದವರಲ್ಲ. ಅಂಥವರನ್ನು ಎಬ್ಬಿಸಲು ಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ನಾನೇ ರಿಟೈರ್ ಆಗಿರುತ್ತೇನೆ.

ಈ ನಡುವೆ ನನ್ನ ಹೆಂಡತಿ ಸುಶೀಲಾ ಓಣಿಯಲ್ಲೇ ರಂಗೋಲಿ ಹಾಕುತ್ತಾ ಬಂದಳು. ಮುಂಬಾಗಿಲ ಮುಂದಿನ ರಂಗೋಲಿ ಮೂರ್ತಿಯವರ ಮನೆಯವರದ್ದು. ಅವಳು ಜಗಳಗಂಟಿಯಲ್ಲ. ಒಂದು ಸಲ ಮಾತ್ರ, ಗೌರಿ ಹಬ್ಬದ ಹಿಂದಿನ ದಿನ, ಮಾವಿನೆಲೆ ಪೋಣಿಸುತ್ತಾ ಹೇಳಿದಳು. "ರೀ, ಆ ಮುಂದಿನ ಬಾಗಲದಾಗ ನಾ ಒಳಗ ಹೋಗಿದ್ದು ಗೃಹಪ್ರವೇಶದ ದಿನ ಒಮ್ಮೆನ ನೋಡ್ರಿ. ಮನಿ ನಮ್ಮದು ಅಂತ ಮಂದಿಗೆ ಹೆಂಗ ಹೇಳಲಿ?"

ಆ ಮಾತು ನನಗೆ ನಾಟಿತು. ಎಬ್ಬಿಸಲಾಗದ ಮೂರ್ತಿಗೇ ಮನೆಯನ್ನು ಮಾರಿದೆ. ಬಾಡಿಗೆದಾರ ಕೂತಿರುವ ಮನೆಯನ್ನು ಬಾಡಿಗೆದಾರನಲ್ಲದೆ ಇನ್ಯಾರು ಕೊಳ್ಳುತ್ತಾರೆ? ಬಂದ ಹಣದಲ್ಲಿ ಆರ್.ಟಿ. ನಗರದ ಆಚೆ ಒಂದು ಸೈಟು ಕೊಂಡು, ಸಿಮೆಂಟ್ ಪರ್ಮಿಟ್ಟಿಗೆ ಅಲೆದು, ಪಾಯ ಹಾಕಿಸಿದೆ. ಈ ಸಲ ಹಿತ್ತಲು ಕೋಣೆ ಇಲ್ಲ, ಬಾಡಿಗೆ ಇಲ್ಲ, ಮುಂಬಾಗಿಲು ನಿನ್ನದೇ ಎಂದು ಸುಶೀಲೆಗೆ ಹೇಳಿದೆ. ಮನೆ ಮುಗಿಯುವವರೆಗೆ ಹಳೆಯ ಹಿತ್ತಲು ಕೋಣೆಯಲ್ಲೇ ಇದ್ದೇವೆ, ಈಗ ಮೂರ್ತಿಯವರ ಬಾಡಿಗೆದಾರರಾಗಿ. (ಮೊದಲು ತಮ್ಮ ಆಫೀಸಿನಲ್ಲಿ ತೋರಿಸಲು ತಿಂಗಳು ತಪ್ಪದೆ ನನ್ನಿಂದ ರಸೀದಿ ಕೇಳಿ ಪಡೆಯುತ್ತಿದ್ದ ಮನುಷ್ಯ, ಈಗ ಬಾಡಿಗೆ ಎಣಿಸಿಕೊಂಡು ಮೆತ್ತಗೆ ಕೇಳುತ್ತಾರೆ: "ರಸೀದಿ ಗಿಸೀದಿ ಬೇಡ ಅಲ್ವಾ ಸಾರ್?")

ಅಷ್ಟರಲ್ಲಿ ಇನ್‌ಕಮ್ ಟ್ಯಾಕ್ಸಿನಿಂದ ನೋಟೀಸು ಬಂತು.

ನೋಟೀಸು ಎಂದರೆ ನನಗೆ ಮೊದಲಿನಿಂದಲೂ ಜ್ವರ. ಅದನ್ನು ತಪ್ಪಿಸಿಕೊಳ್ಳಲೆಂದೇ ಪ್ರತಿ ವರ್ಷ ಬಾಡಿಗೆಯ ಪೈಸೆ ಪೈಸೆಯನ್ನೂ ತೋರಿಸಿದ್ದೆ. ರಿಪೇರಿಗೆಂದು ಅವರು ಆರನೆಯ ಒಂದು ಪಾಲು ಬಿಡುತ್ತಾರೆ, ಉಳಿದದ್ದು ಸಂಬಳದ ಜೊತೆ ಸೇರಿ ತೆರಿಗೆಗೆ ಬೀಳುತ್ತದೆ. ಸಾಲದ್ದಕ್ಕೆ ನಾವೇ ವಾಸವಿರುವ ಹಿತ್ತಲು ಕೋಣೆಗೂ ಇಷ್ಟು ಬಾಡಿಗೆ ಬರಬಹುದಿತ್ತು ಎಂದು ಲೆಕ್ಕ ಹಾಕಿ, ಅದರಲ್ಲೂ ಒಂದು ಭಾಗವನ್ನು ವರಮಾನಕ್ಕೆ ಸೇರಿಸುತ್ತಾರೆ. ನನಗೆ ನಾನೇ ಕೊಡದ ಬಾಡಿಗೆಗೆ ನಾನೇ ತೆರಿಗೆ ಕಟ್ಟಿದವನು! ಇಷ್ಟಾದ ಮೇಲೂ ನೋಟೀಸು ಯಾಕೆ?

ರಾಯರು ಕನ್ನಡಕ ಏರಿಸಿ ಓದಿದರು. ಓದುತ್ತಾ ಓದುತ್ತಾ ಅವರ ಮುಖ ಗಂಭೀರವಾಯಿತು. ವಿಷಯ ಮನೆ ಮಾರಿದ ಲಾಭದ್ದು. ಅಗ್ಗದ ಕಾಲದಲ್ಲಿ ಕಟ್ಟಿದ ಮನೆ, ಈಗಿನ ರೇಟಿನಲ್ಲಿ ಮಾರಾಟ. ನಡುವಿನ ಹಣದ ಮೇಲೆ ತೆರಿಗೆ ಬೀಳುತ್ತದೆ. ಅದೇ ಹಣದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕಟ್ಟಿದರೆ ತೆರಿಗೆ ಇಲ್ಲ. ಹಾಗಾದರೆ ಬಚಾವಾದೆವಲ್ಲ ಎಂದೆ. ಇಲ್ಲ ಎಂದರು ರಾಯರು. ಅದಕ್ಕೊಂದು ಷರತ್ತಿದೆಯಂತೆ. ಮಾರುವ ಮುಂಚಿನ ಎರಡು ವರ್ಷ ಆ ಮನೆ ಮುಖ್ಯವಾಗಿ ಮಾಲೀಕನ ವಾಸಕ್ಕೇ ಬಳಕೆಯಾಗಿರಬೇಕು.

"ನೀವು ಮುಖ್ಯವಾಗಿ ಎಲ್ಲಿದ್ರಿ?" ಎಂದು ರಾಯರು ಕೇಳಿದರು.

ಎಲ್ಲಿದ್ದೆ? ಹೆಂಚಿನ ಕೆಳಗೆ.

ಇದರ ತಮಾಷೆ ನೋಡಿ. ನಮ್ಮ ಬೀದಿಯಲ್ಲೇ ಇನ್ನೊಬ್ಬರು ನನ್ನ ಹಾಗೆಯೇ ಹಿಂದೆ ಇದ್ದು ಮುಂದಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರು. ಒಂದು ರಸೀದಿ ಹರಿದವರಲ್ಲ, ಒಂದು ರೂಪಾಯಿ ತೋರಿಸಿದವರಲ್ಲ. ಬಾಡಿಗೆದಾರರನ್ನು ನೆಂಟರು ಎನ್ನುತ್ತಿದ್ದರು. ಸರ್ಕಾರದ ಪಾಲಿಗೆ ಅವರು ಇಡೀ ಮನೆಯಲ್ಲಿ ಕಾಲು ಚಾಚಿಕೊಂಡು ಬದುಕಿದವರು. ಮನೆ ಮಾರಿದಾಗ ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನು ವರ್ಷ ವರ್ಷವೂ ನನ್ನ ಕೈಯಾರೆ ಬರೆದುಕೊಟ್ಟಿದ್ದೇನೆ, ಮುಂದಿನ ಮನೆಯಲ್ಲಿ ನಾನಿಲ್ಲ ಎಂದು.

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತೆರಿಗೆ ಬಿದ್ದರೆ ಕಟ್ಟಬೇಕಾದ ಹಣ ಹೆಚ್ಚುಕಡಿಮೆ ಹೊಸ ಮನೆಯ ತಾರಸಿಯಷ್ಟು. ತಾರಸಿ ಇಲ್ಲದ ಮನೆಗೆ ಮುಂಬಾಗಿಲು ಇಟ್ಟು ಮಾಡುವುದೇನು?

ಭಾನುವಾರದ ಟೇಪು ರಾಯರ ಐಡಿಯಾ. ಹಿತ್ತಲನ್ನೂ ನಮ್ಮ ಭಾಗಕ್ಕೆ ಸೇರಿಸಿದರೆ ಮುಂದಿನ ಮನೆಗಿಂತ ಹಿಂದಿನದೇ ದೊಡ್ಡದಾಗುತ್ತದೆ, ಮುಖ್ಯ ವಾಸ ನಿಮ್ಮದೇ ಎಂದು ವಾದಿಸಬಹುದು ಎಂದರು. ಅಳೆದೆವು. ನಿಜಕ್ಕೂ ದೊಡ್ಡದಾಯಿತು. ಬಾವಿ ಸೇರಿಸಿ.

ಬುಧವಾರ ಆಫೀಸರ ಮುಂದೆ ಕೂತೆ. ಇನ್ನೂ ಚಿಕ್ಕ ವಯಸ್ಸಿನವರು, ಮರ್ಯಾದೆಯ ಮನುಷ್ಯ. ರಾಯರು ಹಿತ್ತಲಿನ ನಕ್ಷೆ ಹರಡಿ ವಾದ ಮಾಡಿದರು. ಆಫೀಸರು ತಾಳ್ಮೆಯಿಂದ ಕೇಳಿ, ನಕ್ಷೆಯನ್ನು ಮಡಚಿ ಬದಿಗಿಟ್ಟು, ನನ್ನ ಕಡೆ ತಿರುಗಿದರು.

"ಸಾರ್, ಮುಂದಿನ ಬಾಗಿಲು ನೀವು ಉಪಯೋಗಿಸ್ತಿದ್ರಾ?"

ರಾಯರು ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಹೌದು ಎಂದುಬಿಡಬಹುದಿತ್ತು. ಯಾರು ಬಂದು ನೋಡಿದ್ದರು? ಆದರೆ ಸುಶೀಲೆಯ ಮಾತು ಕಿವಿಯಲ್ಲಿ ಕೂತಿತ್ತು. ನಾಲಿಗೆ ತಾನಾಗಿಯೇ ಹೇಳಿತು. "ಗೃಹಪ್ರವೇಶದ ದಿನ ಉಪಯೋಗಿಸಿದ್ವಿ."

ಆಫೀಸರು ನಗಲಿಲ್ಲ. ಪೆನ್ನಿನ ಕ್ಯಾಪು ಹಾಕಿದರು. "ನಮ್ಮ ಓನರೂ ಹಿಂದಿನ ಮನೇಲೇ ಇರೋದು ಸಾರ್," ಎಂದರು. "ನಾನು ಮುಂದಿನದ್ರಲ್ಲಿದೀನಿ." ಆರ್ಡರು ಪೋಸ್ಟಿನಲ್ಲಿ ಬರುತ್ತದೆ ಎಂದು ಕಳಿಸಿಕೊಟ್ಟರು.

ಆ ಮಾತನ್ನು ಹೇಗೆ ತಿಳಿಯುವುದು? ಮರುಕವೇ? ಅಥವಾ ಹಿಂದಿನ ಮನೆಯೆಂದರೆ ಎಷ್ಟು ಚಿಕ್ಕದೆಂದು ತಮಗೆ ಗೊತ್ತು ಎಂದೇ? ಬಸ್ಸಿನಲ್ಲಿ ರಾಯರು ಒಂದು ಅರ್ಥ ಹೇಳಿದರು, ಇಳಿಯುವಷ್ಟರಲ್ಲಿ ಇನ್ನೊಂದು ಹೇಳಿದರು. ಅಂದಿನಿಂದ ಪೋಸ್ಟ್‌ಮ್ಯಾನಿನ ಸೈಕಲ್ ಗಂಟೆ ಕೇಳಿದರೆ ಊಟ ಬಿಟ್ಟು ಗೇಟಿಗೆ ಓಡುತ್ತೇನೆ. ಕ್ಲಾಸಿನಲ್ಲಿ ಅಕ್ಬರನ ಕಂದಾಯ ಪದ್ಧತಿ ಪಾಠ ಮಾಡುತ್ತಾ ನಡುವೆ ನಿಂತುಬಿಟ್ಟೆ. ಹುಡುಗರು ಮುಸಿಮುಸಿ ನಕ್ಕರು.

ಹೆದರಿದ ಮನುಷ್ಯ ಏನು ಮಾಡುತ್ತಾನೆ? ಅಭ್ಯಾಸವಾದದ್ದನ್ನೇ ಮಾಡುತ್ತಾನೆ. ಗುರುವಾರ ಕಾಲೇಜಿನಿಂದ ನೇರ ಸೈಟಿಗೆ ಹೋಗಿ ಮೇಸ್ತ್ರಿಯ ಜೊತೆ ಗುಟ್ಟಾಗಿ ಮಾತಾಡಿ ಬಂದೆ. ಆರ್ಡರು ನಮ್ಮ ವಿರುದ್ಧ ಬಂದರೆ ಮತ್ತೆ ಸಾಲ, ಸಾಲವೆಂದರೆ ಮತ್ತೆ ಬಾಡಿಗೆ. ಮೇಸ್ತ್ರಿ ತಲೆಯಾಡಿಸಿದ. ಇಂಥದ್ದು ಅವನಿಗೆ ದಿನನಿತ್ಯದ್ದು.

ನಿನ್ನೆ ಸುಶೀಲಾ, ಕೆಲಸದವರು ಗೋಡೆಗೆ ನೀರು ಹಾಕುತ್ತಿದ್ದಾರೋ ಇಲ್ಲವೋ ನೋಡಬೇಕೆಂದು ಸೈಟಿಗೆ ಹೊರಟಳು. ಬೇಡ ಎನ್ನಲು ನೆಪ ಸಿಗಲಿಲ್ಲ, ನಾನೂ ಹೋದೆ. ಮುಂಬಾಗಿಲಿನ ಚೌಕಟ್ಟು ನಿಲ್ಲಿಸಿದ್ದರು. ಅವಳು ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಆ ಚೌಕಟ್ಟಿನಿಂದಲೇ ಒಳಗೆ ಬಂದಳು. ಹಾಲ್ ದಾಟಿದಳು. ಅಡುಗೆಮನೆಯಲ್ಲಿ ಒಲೆ ಎಲ್ಲಿ, ದೇವರು ಎಲ್ಲಿ ಎಂದು ಕೈ ತೋರಿಸುತ್ತಾ ನಡೆದಳು. ಹಿಂದಿನ ಬಾಗಿಲಿಗೆ ಬಂದು ನಿಂತುಬಿಟ್ಟಳು.

ಹಿತ್ತಲಿನ ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿತ್ತು. ಎರಡು ಚೌಕ. ಪಕ್ಕದಲ್ಲಿ ಓಣಿ.

ಅವಳು ಆ ಗೆರೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಈ ಎರಡು ಖೋಲಿ ಯಾರಿಗ್ರಿ?" ಎಂದಳು.

ಅವಳು ಉತ್ತರಕ್ಕೆ ಕಾಯದೆ ಹಿಂದಿನ ಬಾಗಿಲಿನಿಂದಲೇ ಇಳಿದು, ಬರಿಗಾಲಲ್ಲಿ ಆ ಓಣಿಯಲ್ಲೇ ಸುತ್ತಿ ಹೋಗಿ, ಮುಂದೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡಳು.

ಸ್ವಂತ ಮನೆಯಲ್ಲಿ ವಾಸ ಮಾಡಲು ಒಬ್ಬ ಮನುಷ್ಯ ಒಟ್ಟು ಎಷ್ಟು ಮನೆ ಕಟ್ಟಬೇಕು?