ಕೊಡ ಹೊತ್ತವರ ಗುಂಪಿನಲ್ಲಿ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜಿಪ್ ಕೂರಿಸುವುದು ಪ್ರಸನ್ನಲಕ್ಷ್ಮಿಯ ಕೆಲಸ. ಹುಟ್ಟಿದ್ದು ಮಡಕಶಿರದ ಕಡೆಯ ಗುಡಿಬಂಡೆಯಲ್ಲಿ. ಮದುವೆಯಾದ ಮೇಲೆ ಗಂಡನ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅದು ಬಾಗಿಲು ಹಾಕಿದಾಗ ಗಂಡ ಅಲ್ಲೇ ಬೇರೆ ಕೆಲಸ ಹಿಡಿದ, ಇವಳು ಅತ್ತೆಯ ಊರಾದ ರಾಯದುರ್ಗಕ್ಕೆ ಬಂದಳು.

ಆ ಬೇಸಿಗೆಯಲ್ಲಿ ತಾಯಿ ಚೌಡಕ್ಕ ಅವಳ ಮನೆಯಲ್ಲಿದ್ದಳು. ಬಲಗಣ್ಣು ಎಂದೋ ಹೋಗಿತ್ತು. ಎಡಗಣ್ಣೂ ಮಂಜಾಗುತ್ತ ಬಂದಿತ್ತು. ಆಪರೇಷನ್ ಮಾಡದಿದ್ದರೆ ಅದೂ ಹೋಗುತ್ತದೆ, ಮಾಡಿದರೂ ಉಳಿಯುತ್ತದೆಂದು ಮಾತು ಕೊಡಲಾರೆ ಎಂದಿದ್ದರು ಬಳ್ಳಾರಿಯ ಡಾಕ್ಟರು. ಹಾಸಿಗೆ ಖಾಲಿಯಾದ ಕೂಡಲೇ ಆಸ್ಪತ್ರೆಯಿಂದ ಫೋನ್ ಬರಬೇಕಿತ್ತು.

ಎಂದೂ ಏನನ್ನೂ ಕೇಳದ ಚೌಡಕ್ಕ ಆಗ ಒಂದು ಆಸೆ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಮಡಕಶಿರದ ಬೆಟ್ಟದ ಬುಡಕ್ಕೆ ಸಿನಿಮಾದವರು ಬಂದಿದ್ದರು. ಕೊಡ ಹೊತ್ತು ನಡೆಯುವ ಹೆಂಗಸರ ಗುಂಪಿನಲ್ಲಿ ಅವಳನ್ನೂ ಅವಳ ಅಕ್ಕ ಸುಂಕಲಮ್ಮನನ್ನೂ ನಿಲ್ಲಿಸಿದ್ದರು. ಆದರೆ ಆ ಸಿನಿಮಾ ಬಂದಾಗ ಅಪ್ಪ ಇಬ್ಬರನ್ನೂ ಟಾಕೀಸಿಗೆ ಕಳಿಸಲಿಲ್ಲ.

"ಕಣ್ಣಿರೋವಾಗ್ಲೇ ಒಂದ್ಸಲ ನೋಡ್ಬೇಕು ಕಣಮ್ಮ," ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಪ್ರಸನ್ನಲಕ್ಷ್ಮಿ ಮೊಬೈಲಿನಲ್ಲಿ ತಾಯಿ ಹೇಳಿದ ಸಿನಿಮಾದ ಹೆಸರು ಹಾಕಿ ಹುಡುಕಿದಳು. ಪೂರ್ತಿ ಸಿನಿಮಾ ಪುಕ್ಕಟೆ ಎಂದಿದ್ದ ಮೊದಲ ಕೊಂಡಿಯನ್ನೇ ಒತ್ತಿದಳು. ಅದು ಒಂದು ಆ್ಯಪ್ ಹಾಕಿಕೊಳ್ಳೆಂದಿತು; ಹಾಕಿಕೊಂಡಳು. ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟಳು. ಸಿನಿಮಾ ಬರಲಿಲ್ಲ. ಪರದೆ ತಾನಾಗಿಯೇ ಓಡತೊಡಗಿತು, ಎಲ್ಲಿ ಮುಟ್ಟಿದರೂ ನಿಲ್ಲಲೊಲ್ಲದು. ಪಕ್ಕದ ಮಿಷನ್ನಿನ ನಾಗವೇಣಿ ತನ್ನ ಫೋನ್ ಎತ್ತಿ ತೋರಿಸಿ, ನಿನ್ನ ನಂಬರಿನಿಂದ ಇದೇನೋ ಬಂದಿದೆಯಲ್ಲ ಎಂದಳು. ಪರಿಚಯದವರಿಗೆಲ್ಲ ಅದೇ ಕೊಂಡಿ ಹೋಗುತ್ತಿತ್ತು. ಆಸ್ಪತ್ರೆಯವರು ಈಗಲೇ ಫೋನ್ ಮಾಡಿ, ಇವಳು ಸಿಗದೆ ಹಾಸಿಗೆ ಬೇರೆಯವರ ಪಾಲಾದರೆ?

ಕಟಿಂಗ್ ಮಾಸ್ತರ ಎರ್ರಿಸ್ವಾಮಿ ಫೋನ್ ಕಸಿದುಕೊಂಡು ಆರಿಸಿದ. ಸಿಮ್ ತೆಗೆದು ತನ್ನ ಹಳೆಯ ಬಟನ್ ಫೋನಿಗೆ ಹಾಕಿ ಅವಳ ಕೈಗಿತ್ತ. ನಾಗವೇಣಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕೊಂಡಿ ತೆರೆಯಬೇಡಿರೆಂದು ಹೇಳುತ್ತ ಹೋದಳು. ಎರ್ರಿಸ್ವಾಮಿ ಮೊಬೈಲಿನಲ್ಲಿದ್ದುದನ್ನೆಲ್ಲ ಅಳಿಸಬೇಕಾಯಿತು, ಫೋಟೋಗಳೂ ಹೋದವು. ಅವಳು ಆ ಸಣ್ಣ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಹೊಲಿದಳು. ಸಂಜೆ ಕೆಲಸ ಬಿಡುವ ಹೊತ್ತಿಗೆ ಅದು ಬಡಿದುಕೊಂಡಿತು. ನಾಳೆ ಬೆಳಿಗ್ಗೆಯೇ ಬನ್ನಿ ಎಂದರು ಆಸ್ಪತ್ರೆಯವರು.

ಇನ್ನು ಉಳಿದದ್ದು ಆ ಸಂಜೆ ಒಂದೇ. ಮೊಬೈಲ್ ಮುಟ್ಟಲು ಅವಳಿಗೆ ಹೆದರಿಕೆ. ಎರ್ರಿಸ್ವಾಮಿ ಸಿಮ್ ತಿರುಗಿ ಹಾಕಿಕೊಡುತ್ತ ಹೇಳಿದ: "ಸಿನಿಮಾ ಮಾಡಿದ ಕಂಪನಿಯವ್ರೇ ಯೂಟ್ಯೂಬಿಗೆ ಹಾಕಿದ್ರ ನೋಡ್ರಿ, ಇಲ್ಲಂದ್ರ ಬಿಡ್ರಿ. ನಡುವ ಜಾಹೀರಾತು ಬರ್ತಾವ, ಬರ್ಲಿ. ಆ್ಯಪ್ ಹಾಕು ಅಂದ್ರ ಮಾತ್ರ ಮುಟ್ಟಬ್ಯಾಡ್ರಿ."

ಮನೆಗೆ ಬಂದು ಹುಡುಕಿದಳು. ಒಂದರಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿತ್ತು, ಯಾರೋ ಕದ್ದು ಹಾಕಿದ್ದು. ಇನ್ನೊಂದು ತುಂಡು ತುಂಡು. ಕೆಳಗೆ ಹೋದಂತೆ ಒಂದು ಕಂಪನಿ ತನ್ನ ಹಳೆಯ ಸಿನಿಮಾಗಳನ್ನೆಲ್ಲ ಸಾಲಾಗಿ ಇಟ್ಟಿತ್ತು. ಮಗಳು ಅದರ ಹೆಸರು ಗಟ್ಟಿಯಾಗಿ ಓದಿದಾಗ ಚೌಡಕ್ಕ ತಲೆ ಎತ್ತಿದಳು. ಶೂಟಿಂಗಿನ ವ್ಯಾನಿನ ಮೇಲೆ ಬರೆದಿದ್ದುದು ಅದೇ ಹೆಸರೆಂದು ಅಕ್ಕ ಓದಿ ಹೇಳಿದ್ದು ಅವಳಿಗೆ ನೆನಪಿತ್ತು.

ಚೌಡಕ್ಕ ಫೋನನ್ನು ಎಡಗಣ್ಣಿನ ಹತ್ತಿರ ಹಿಡಿದು ಕೂತಳು. ಕಣ್ಣಲ್ಲಿ ನೀರು ಸುರಿದಾಗಲೆಲ್ಲ ಮಗಳು ನಿಲ್ಲಿಸಿ ಒರೆಸುತ್ತಿದ್ದಳು. ಅರ್ಧ ಮುಗಿದರೂ ಬೆಟ್ಟವೇ ಬರಲಿಲ್ಲ. ಆ ಭಾಗವನ್ನು ಕತ್ತರಿಸಿ ಬಿಟ್ಟಿರಬಹುದೆಂದು ಪ್ರಸನ್ನಲಕ್ಷ್ಮಿಗೆ ಅನ್ನಿಸಿತು.

ಕಡೆಗೂ ಬೆಟ್ಟ ಬಂತು. ಕೊಡಗಳ ಸಾಲು ಬಂತು. ಚೌಡಕ್ಕ ನಾಯಕಿಯ ಹಿಂದೆ ಮರೆಯಾಗಿದ್ದಳು, ಸೆರಗಿನ ತುದಿ ಮಾತ್ರ ಕಂಡಿತು. ಆದರೆ ಮುಂದಿದ್ದ ಹುಡುಗಿಯೊಬ್ಬಳು ಈ ಕಡೆ ತಿರುಗಿ ನಕ್ಕಳು.

"ನಿಲ್ಸು," ಎಂದಳು ಚೌಡಕ್ಕ. "ಇವ್ಳೇ ನಿಮ್ ದೊಡ್ಡಮ್ಮ."

ಸುಂಕಲಮ್ಮ ಮೊದಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಪ್ರಸನ್ನಲಕ್ಷ್ಮಿ ಆ ಮುಖ ನೋಡಿದ್ದು ಅದೇ ಮೊದಲು.

"ಈ ಕಡೆ ತಿರುಗ್ಬೇಡ ಅಂತ ಸಿನಿಮಾದವ್ರು ಬೈದಿದ್ರು," ಎಂದಳು ಚೌಡಕ್ಕ. "ತಿರುಗವ್ಳೆ ನೋಡು."

ಕಣ್ಣು ಸೋತು ತಾನಾಗಿ ಮುಚ್ಚುವವರೆಗೂ ಅದೊಂದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಳ್ಳಾರಿಗೆ ಹೋದರು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಚೌಡಕ್ಕ ಡಾಕ್ಟರ ಬೆರಳುಗಳನ್ನು ತಡೆದು ತಡೆದು ಎಣಿಸಿದಳು. ಮೊದಲಿನಷ್ಟು ನೋಟ ಬರಲಿಲ್ಲ. ಒಬ್ಬಳೇ ನಡೆಯುವಷ್ಟು, ಎದುರಿಗೆ ಬಂದವರ ಮುಖ ಗುರುತಿಸುವಷ್ಟು ಉಳಿಯಿತು.