ಬಿಳಿಯಕ್ಕನ ಒಂದೂವರೆ ಬಕೆಟ್ ಸಮುದ್ರ

ನನ್ನ ನಾದಿನಿ ಯಾರ ಮಾತೂ ಕೇಳುವವಳಲ್ಲ ಅಂತ ನಮ್ಮ ಬೀದಿಯಲ್ಲಿ ಹೇಳುತ್ತಾರೆ. ಹಾಗೆ ಹೇಳುವವರು ಅವಳನ್ನು ಈಚೆಗೆ ನೋಡಿದವರು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವಳು ಎರಡು ಜಡೆಯ ಹುಡುಗಿ. ಅಪ್ಪ ಶಾಲೆ ಸಾಕು ಅಂದರು, ಬಿಟ್ಟಳು. ಅಮ್ಮ ಹಾಸಿಗೆ ಹಿಡಿದಾಗ, ಮದುವೆ ಈಗ ಬೇಡ ಅಂದರು, ಸುಮ್ಮನಾದಳು. ಆ 'ಈಗ' ಮುಗಿಯಲೇ ಇಲ್ಲ. ಕೇಳುವ ಪಾಲನ್ನೆಲ್ಲ ಅವಳು ಆಗಲೇ ಕೇಳಿ ಮುಗಿಸಿದ್ದಾಳೆ. ಇನ್ನು ಉಳಿದಿರುವುದು ಹೇಳುವ ಪಾಲು.

ಅವಳು ಕೆಲಸ ಮಾಡಿದ್ದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ನೆಲಮಾಳಿಗೆ, ಕಿಟಕಿಯಿಲ್ಲ, ಗೋಡೆಗಳಿಗೂ ಬೆವರು. ರಕ್ತದ ಕಲೆಗೆ ತಣ್ಣೀರು, ಔಷಧಿ ಕಲೆಗೆ ಬಿಸಿನೀರು, ಯಾವುದಕ್ಕೂ ಬಗ್ಗದ ಕಲೆಗೆ ಬ್ಲೀಚಿಂಗ್ ಪುಡಿ. ಬೆಡ್‌ಶೀಟಿನಲ್ಲಿ ಸಾಸಿವೆಯಷ್ಟು ಹಳದಿ ಕಂಡರೂ ಅದನ್ನು ಮತ್ತೆ ನೀರಿಗೆ ಹಾಕಿಸುವಳು. ಅದಕ್ಕೇ ಅಲ್ಲಿನವರು ಬಿಳಿಯಕ್ಕ ಅಂತ ಕರೆದರು, ಆ ಹೆಸರು ಅವಳ ಹಿಂದೆಯೇ ನಮ್ಮ ಮನೆಗೂ ಬಂತು. ನಾನೂ ಹಾಗೇ ಕರೆಯುತ್ತೇನೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ.

ಒಂದು ಸಲ ಮಕ್ಕಳ ವಾರ್ಡಿನಿಂದ ದಿಂಬಿನ ಕವರುಗಳು ಕಡಿಮೆ ಬರುತ್ತಿವೆ ಅಂತ ವಿಚಾರಿಸಲು ಮೇಲೆ ಹೋಗಿದ್ದಳಂತೆ. ಅಲ್ಲಿ ವಾರ್ಡಿನ ಬಾಗಿಲ ಪಕ್ಕ ಒಂದು ಗಾಜಿನ ತೊಟ್ಟಿ. ಮೀನಿನ ತೊಟ್ಟಿ ಅವಳೂ ನೋಡಿದ್ದಳು, ಇದು ಅದಲ್ಲ. ಇದರಲ್ಲಿ ಸಮುದ್ರದ ನೀರು, ಕಲ್ಲು, ಕಲ್ಲಿನ ಮೇಲೆ ಹವಳ. ಜೀವಂತ ಹವಳ. ನೋಡುತ್ತ ನಿಂತುಬಿಟ್ಟಳು. ಅಲ್ಲಿನ ಮೇಲ್ವಿಚಾರಕಿ ಬಂದು, ಲಾಂಡ್ರಿಯವರು ಇಲ್ಲೆಲ್ಲ ನಿಲ್ಲುವ ಹಾಗಿಲ್ಲ, ನಿಮಗೆ ಹಿಂದಿನ ಮೆಟ್ಟಿಲಿದೆಯಲ್ಲ ಅಂದಳಂತೆ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ನನಗೆ ಹೇಳಿದಳು. "ಅತ್ತಿಗೆ, ಕಲ್ಲಿಗೆ ಗುಂಡಿ ಹೊಲಿದ ಹಾಗಿತ್ತು. ಅಂಗಿ ಗುಂಡಿಯಷ್ಟೇ, ಹಸಿರು. ನಾನು ನೋಡ್ತಾ ಇದ್ದ ಹಾಗೇ ಒಂದು ಅರಳ್ತು." ಬೈಸಿಕೊಂಡದ್ದನ್ನು ಆಮೇಲೆ ಹೇಳಿದಳು, ಅದೂ ಅನ್ನ ಬಡಿಸುವಾಗ, ಪಲ್ಯಕ್ಕೆ ಉಪ್ಪು ಸಾಲದು ಅನ್ನುವ ದನಿಯಲ್ಲಿ. ಆದರೆ ಮರೆಯಲಿಲ್ಲ. ನಿವೃತ್ತಿಯಾದ ವಾರವೇ ಅಕ್ವೇರಿಯಂ ಅಂಗಡಿಗೆ ಹೋದಳು.

ಅಷ್ಟರಲ್ಲಿ ನನ್ನ ಗಂಡ ತೀರಿಕೊಂಡಿದ್ದರು. ಮನೆಯ ಮಹಡಿ ನನ್ನ ಹೆಸರಿಗೆ, ಅಲ್ಲಿ ನಾವಿಬ್ಬರು. ಕೆಳಗಿನದು ನನ್ನ ಮೈದುನನದು. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಬಸ್ಸುಗಳು ಹೊರಡುವುದು ಅವನು ಊದುವ ವಿಷಲ್ಲಿಗೆ, ಹಾಗಾಗಿ ಮನೆಯೂ ಹೊರಡಬೇಕು ಅಂತ ಅವನ ಲೆಕ್ಕ. ಬಿಳಿಯಕ್ಕ ಅವನಿಗಿಂತ ದೊಡ್ಡವಳು, ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಣ್ಣ ಹೋದಮೇಲೆ ಮನೆಗೆ ನಾನೇ ದೊಡ್ಡವನು ಅಂತ ಅವನು ತಾನೇ ತೀರ್ಮಾನ ಮಾಡಿಕೊಂಡಿದ್ದ. ಇಡೀ ಮನೆಗೆ ಇದ್ದದ್ದು ಒಂದೇ ಕರೆಂಟ್ ಮೀಟರು. ಅದು ಮೆಟ್ಟಿಲ ಕೆಳಗೆ, ಅವನ ಬಾಗಿಲ ಪಕ್ಕ.

ಬಿಳಿಯಕ್ಕ ತಂದ ತೊಟ್ಟಿ ಒಂದೂವರೆ ಬಕೆಟ್ ನೀರು ಹಿಡಿಯುವಂಥದ್ದು, ಅಷ್ಟೇ. ಅಂಗಡಿಯವನು, ಅಮ್ಮ ದೊಡ್ಡದು ತಗೊಳ್ಳಿ, ದೊಡ್ಡ ನೀರು ತಪ್ಪನ್ನ ಕರಗಿಸಿಕೊಳ್ಳುತ್ತೆ, ಸಣ್ಣದು ತಕ್ಷಣ ಮುಖಕ್ಕೆ ಹೊಡೆಯುತ್ತೆ ಅಂದನಂತೆ. ನಮ್ಮ ಮನೆಯೇ ಸಣ್ಣದು ಕಣಪ್ಪ ಅಂತ ಇವಳು. ಬಿಸಿಲು ಬೀಳದ ಜಾಗ ಬೇಕಿತ್ತು. ಇದ್ದದ್ದು ಒಂದೇ ಮೂಲೆ, ನನ್ನ ಗಂಡ ಪೇಪರು ಓದುತ್ತ ಕೂರುತ್ತಿದ್ದ ಮೂಲೆ. ಅವಳು ಕೇಳಲು ಬಾಯಿ ತೆರೆಯುವ ಮೊದಲೇ ನಾನು ಆ ಕುರ್ಚಿಯನ್ನು ನನ್ನ ಕೋಣೆಗೆ ಎಳೆದುಕೊಂಡೆ. ಒಗೆದು ಮಡಿಸಿದ ಬಟ್ಟೆ ಹಾಕಲು ಈಗ ಅದು ಚೆನ್ನಾಗಿದೆ.

ಅಡುಗೆ ಉಪ್ಪು ಇದಕ್ಕೆ ನಡೆಯುವುದಿಲ್ಲ. ಸಮುದ್ರದ ಉಪ್ಪು ಅಂತಲೇ ಚೀಲದಲ್ಲಿ ಬರುತ್ತದೆ, ಫಿಲ್ಟರ್ ನೀರಿನಲ್ಲಿ ಅದನ್ನು ಕಲಸಬೇಕು. ತಳಕ್ಕೆ ಮರಳು, ಮೇಲೆ ಒಂದು ದೊಡ್ಡ ಕಲ್ಲು. ಅದನ್ನು ಅಂಗಡಿಯವನು ಜೀವದ ಕಲ್ಲು ಅನ್ನುತ್ತಾನೆ. ನೀರು ಆಡಿಸಲು ಒಂದು ಪಂಪು, ಬೆಚ್ಚಗಿಡಲು ಹೀಟರು, ನೀಲಿ ದೀಪ. ನೀರು ಆವಿಯಾಗಿ ಕಡಿಮೆಯಾದರೆ ಉಪ್ಪುನೀರು ಹಾಕಬಾರದು, ಬರೀ ಸಿಹಿನೀರು. ನೀರು ಆರುತ್ತೆ, ಉಪ್ಪು ಎಲ್ಲಿ ಆರುತ್ತೆ. ಅದಕ್ಕೆ ಅವಳು ಲಾಂಡ್ರಿಯಲ್ಲಿ ಬಟ್ಟೆಗೆ ವಾರ್ಡಿನ ಗುರುತು ಹಾಕುತ್ತಿದ್ದ ಅದೇ ಪೆನ್ನಿನಿಂದ ಗಾಜಿನ ಮೇಲೆ ಗೆರೆ ಎಳೆದಳು. ದಿನಾ ಬೆಳಿಗ್ಗೆ ಲೋಟ ಹಿಡಿದು ಆ ಗೆರೆಯ ಮುಂದೆ ನಿಲ್ಲುವಳು.

ನೀರು ಪಳಗುವವರೆಗೆ ಮೀನು ಬಿಡಬಾರದಂತೆ. ವಾರಗಟ್ಟಲೆ ನಮ್ಮ ಮೂಲೆಯಲ್ಲಿ ಇದ್ದದ್ದು ನೀರು, ಕಲ್ಲು, ದೀಪ. ಎದುರುಮನೆ ಹೊಲಿಗೆಯವಳು ಬಂದು ನೋಡಿ, "ಬಿಳಿಯಕ್ಕ ಕಲ್ಲಿಗೆ ಕರೆಂಟ್ ಕೊಡಿಸಿದ್ದಾಳೆ" ಅಂತ ಬೀದಿಗೆಲ್ಲ ಹಂಚಿದಳು. ಹಾಲಿನವನು ದಿನಾ ಕಲ್ಲಿನ ಆರೋಗ್ಯ ವಿಚಾರಿಸುತ್ತಿದ್ದ. ಬಿಳಿಯಕ್ಕ ಅವನಿಗೂ ಚೆನ್ನಾಗಿದೆಯಪ್ಪ ಅಂತಲೇ ಉತ್ತರ ಕೊಡುತ್ತಿದ್ದಳು.

ಆಮೇಲೆ ಕಲ್ಲಿನ ಮೇಲೆ ಕಂದು ಲೋಳೆ ಹಿಡಿಯಿತು. ಮರಳಿನ ಮೇಲೂ, ಗಾಜಿನ ಮೇಲೂ. ಮೊದಮೊದಲು ಅದು ಬರುತ್ತೆ, ಮುಟ್ಟಬೇಡಿ ಅಂತ ಅಂಗಡಿಯವನು ಹೇಳಿಯೇ ಕಳಿಸಿದ್ದ. ಆದರೆ ಅವಳ ಕೈ ಎಂಥ ಕೈ. ಜೀವಮಾನವೆಲ್ಲ ಕಲೆಯ ಜೊತೆ ಜಗಳವಾಡಿದ ಕೈ. ದಿನಾ ಅದನ್ನು ನೋಡುವಾಗ ಅವಳ ಬೆರಳುಗಳು ತಾವೇ ಉಜ್ಜಿಕೊಳ್ಳುತ್ತಿದ್ದವು. ಒಂದು ಭಾನುವಾರ ತಡೆಯಲಾರದೆ ಕಲ್ಲನ್ನು ಹೊರಗೆ ತೆಗೆದು, ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ ಉಜ್ಜಿ ಬೆಡ್‌ಶೀಟಿನಂತೆ ಬೆಳ್ಳಗೆ ಮಾಡಿ ಮತ್ತೆ ಇಟ್ಟಳು. ನನ್ನನ್ನೂ ಕರೆದು ತೋರಿಸಿದಳು. ನಿಜ ಹೇಳಬೇಕೆಂದರೆ ಬಲು ಚೆಂದ ಕಾಣುತ್ತಿತ್ತು. ಅದೇ ಸಂಭ್ರಮದಲ್ಲಿ ಹೋಗಿ ಒಂದು ಮೀನು ತಂದು ಬಿಟ್ಟಳು.

ಮೂರನೆಯ ದಿನ ಮೀನು ಮಗುಚಿ ತೇಲುತ್ತಿತ್ತು. ನೀರು ನಾರುತ್ತಿತ್ತು. ಕಲ್ಲನ್ನು ಬಕೆಟ್ಟಿಗೆ ಹಾಕಿಕೊಂಡು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಕಲ್ಲನ್ನು ತಿರುಗಿಸಿ ನೋಡಿ, ಅಮ್ಮ, ನೀರನ್ನ ಶುದ್ಧ ಇಡ್ತಿದ್ದದ್ದೇ ಈ ಕಲ್ಲಿನೊಳಗಿನ ಜೀವ, ನೀವು ಕಲ್ಲು ತೊಳೆದಿಲ್ಲ, ಕೊಂದಿದ್ದೀರಿ ಅಂದ. ಅವಳು ಆ ಕಲ್ಲನ್ನು ಹಾಗೇ ಹೊತ್ತು ತಂದಳು. ಮನೆ ಮೆಟ್ಟಿಲು ಹತ್ತುವಾಗ, "ಕೊಳೆ ಅಂತ ನಾನು ಅಂದ್ಕೊಂಡಿದ್ದೇ ಅದರ ಸಂಸಾರ ಆಗಿತ್ತು ನೋಡಿ" ಅಂದಳು.

ಮೈದುನನಿಗೆ ಇಷ್ಟು ಸಾಕಾಯಿತು. ಮೇಲೆ ಬಂದು ಮೂಗು ಮುಚ್ಚಿಕೊಂಡು ನಿಂತ. ಅಣ್ಣ ಕೂರುತ್ತಿದ್ದ ಜಾಗದಲ್ಲಿ ಹೆಣದ ವಾಸನೆ ಅಂದ. ಉಪ್ಪುನೀರು ಸೋರಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಇಡೀ ಚಾವಣಿ ತನ್ನ ತಲೆಯ ಮೇಲೆ ಬರುತ್ತೆ ಅಂದ. ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅಕ್ಕ, ತೆಗೆದುಹಾಕು ಅಂದ.

"ಬೇಕು," ಅಂದಳು ಬಿಳಿಯಕ್ಕ.

ಅವನು ಇನ್ನೂ ಏನೇನೋ ಕಾರಣ ಹೇಳಿದ. ಅವಳು ಕಾರಣ ಹೇಳಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ 'ಬೇಕು' ಅಂದಳು. ಮದುವೆಯ ಸೀರೆ ಆರಿಸುವ ವಯಸ್ಸಿನಲ್ಲಿ ಅವಳ ಬಾಯಲ್ಲಿ ಬಾರದ ಮಾತು ಅದು.

ಮತ್ತೆ ಹೊಸ ಕಲ್ಲು, ಹೊಸ ನೀರು. ಮತ್ತೆ ಕಂದು ಲೋಳೆ. ಈ ಸಲ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮುಂದೆ ಕೂರುತ್ತಿದ್ದಳು. ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡಿ ಅಂದಿದ್ದಳು. ಒಂದು ಸಲ ಕೇಳಿದಳು. ನಾನು ಕೊಡಲಿಲ್ಲ. ನಿಧಾನಕ್ಕೆ ಲೋಳೆ ತಾನಾಗಿ ಇಳಿಯಿತು, ಕಲ್ಲಿನ ಮೇಲೆ ನೇರಳೆ ಬಣ್ಣ ಹತ್ತಿತು. ಆಗ ಅವಳು ಹಸಿರು ಗುಂಡಿ ಹವಳದ ಒಂದು ತುಣುಕು ತಂದಳು, ಜೊತೆಗೆ ಬೆರಳುದ್ದದ ಒಂದು ಮೀನು, ಒಂದು ಸಿಗಡಿ. ಆ ಸಿಗಡಿಗೆ ಕಣ್ಣು ಮಂದ. ದಿನವಿಡೀ ಮರಳಲ್ಲಿ ಬಿಲ ತೋಡುವುದೇ ಅದರ ಕೆಲಸ. ಮೀನು ಬಿಲದ ಬಾಯಲ್ಲಿ ಕಾವಲು. ಸಿಗಡಿ ಹೊರಗೆ ಬರುವಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಯೇ ಬರುತ್ತದೆ. ಅಪಾಯ ಕಂಡರೆ ಮೀನು ಬಾಲ ಅಲುಗಿಸುತ್ತೆ, ಎರಡೂ ಒಳಗೆ. ಹೊಲಿಗೆಯವಳು ಅವಕ್ಕೆ ಅತ್ತಿಗೆ-ನಾದಿನಿ ಅಂತ ಹೆಸರಿಟ್ಟಳು. ಕಣ್ಣು ಮಂದದ್ದು ಯಾರು ಅಂತ ನಾನು ಕೇಳಲಿಲ್ಲ, ಕನ್ನಡಕ ಒರೆಸಿಕೊಂಡೆ.

ಚಳಿಗಾಲದ ಒಂದು ಬೆಳಿಗ್ಗೆ ಪಂಪಿನ ಸದ್ದು ನಿಂತಿತು. ಕೆಳಗೆ ಹೋಗಿ ನೋಡಿದರೆ ಮೀಟರಿನ ಪೆಟ್ಟಿಗೆಗೆ ಬೀಗ. ಮಹಡಿಯ ಫ್ಯೂಸ್ ತೆಗೆದು, ವೈರಿಂಗ್ ಪರೀಕ್ಷೆ ಆಗಬೇಕು ಅಂತ ಹೆಂಡತಿಗೆ ಹೇಳಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಮೈದುನ ಡಿಪೋಗೆ ಹೋಗಿದ್ದ. ಅಷ್ಟು ಸಣ್ಣ ನೀರು ಬೇಗ ತಣ್ಣಗಾಗುತ್ತೆ, ಆಡದಿದ್ದರೆ ಅದರಲ್ಲಿ ಉಸಿರು ಮುಗಿಯುತ್ತೆ. ಸಂಜೆಯ ಹೊತ್ತಿಗೆ ಎಲ್ಲ ತಾನಾಗಿ ಸತ್ತಿರುತ್ತೆ, ತಾನು ಕೊಂದ ಹಾಗೂ ಆಗುವುದಿಲ್ಲ ಅಂತ ಅವನ ಎಣಿಕೆ.

ಬಿಳಿಯಕ್ಕ ಕೂಗಾಡಲಿಲ್ಲ. ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿ, ಔಷಧಿ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಟ್ಟಳು. ಹಳೆಯ ಬೆಡ್‌ಶೀಟುಗಳನ್ನು ನಾಲ್ಕು ಮಡಿಕೆ ಮಾಡಿ, ಮೂಲೆ ಒಂದು ಕೂದಲಷ್ಟೂ ಆಚೀಚೆ ಆಗದಂತೆ, ಗಾಜಿಗೆ ಸುತ್ತಿದಳು. ಆಮೇಲೆ ಪ್ಲಾಸ್ಟಿಕ್ ಮಗ್ಗು ಹಿಡಿದು ಸ್ಟೂಲಿನ ಮೇಲೆ ಕೂತಳು. ನೀರು ಮೊಗೆಯುವುದು, ಗೇಣೆತ್ತರದಿಂದ ಮತ್ತೆ ಸುರಿಯುವುದು. ಮೊಗೆಯುವುದು, ಸುರಿಯುವುದು. ಗಾಳಿ ಸೇರಬೇಕಲ್ಲ. ಅವಳ ತೋಳು ಸೋತಾಗ ನಾನು, ನನ್ನದು ಸೋತಾಗ ಅವಳು. ಬಾಟಲಿ ಆರಿದ ಹಾಗೆ ಮತ್ತೆ ಬಿಸಿನೀರು. ಅಂದು ಒಲೆಯ ಮೇಲೆ ಅಡುಗೆ ಏರಲೇ ಇಲ್ಲ. ಹೊಲಿಗೆಯವಳು ಬಂದು ನೋಡಿ, ಮೊದಲ ಸಲ ತಮಾಷೆ ಮಾಡದೆ, ಸರಿಯಿರಿ ಅಂತ ಮಗ್ಗು ಕಿತ್ತುಕೊಂಡಳು. ಅವಳ ಬಾಯಿ ಗೊತ್ತಲ್ಲ, ಅರ್ಧ ಬೀದಿ ನಮ್ಮ ಮೆಟ್ಟಿಲ ಮೇಲೆ ಸೇರಿತು.

ಸಂಜೆ ಮೈದುನ ಬಂದ. ಮೆಟ್ಟಿಲ ಮೇಲಿದ್ದ ಜನರ ನಡುವೆ ದಾರಿ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತ. ಬಿಳಿಯಕ್ಕ ತಲೆಯೆತ್ತಲಿಲ್ಲ.

"ವೈರಿಂಗ್ ಸರಿಯಿಲ್ಲ ಅಕ್ಕ, ಅದಕ್ಕೇ..." ಅಂತ ಶುರುಮಾಡಿದ.

"ಫ್ಯೂಸ್ ಹಾಕು ಅಂತ ನಿನ್ನ ಕೇಳಲ್ಲ ಕಣೋ," ಅಂದಳು, ನೀರು ಸುರಿಯುತ್ತಲೇ. "ಬೇಕಾದಷ್ಟು ದಿನ ಬೀಗ ಹಾಕ್ಕೋ. ನಿನ್ನ ಬಟ್ಟೆ ಒಗೆದಿದ್ದೂ ಇದೇ ಕೈ. ಇದಕ್ಕೆ ಮೀಟರ್ ಇಲ್ಲ."

ನನಗೂ ಅದೆಲ್ಲಿಂದ ಬಂತೋ ಮಾತು. "ನೋಡಪ್ಪ, ಮಹಡಿ ನನ್ನದು. ನಿಮ್ಮಣ್ಣ ಕೂರ್ತಿದ್ದ ಜಾಗ ಯಾರಿಗೆ ಕೊಡಬೇಕು ಅಂತ ನಾನು ಹೇಳ್ತೀನಿ. ನಾಳೆ ನನ್ನ ಹೆಸರಲ್ಲಿ ಬೇರೆ ಮೀಟರ್ ಹಾಕಿಸ್ತೀನಿ."

ಅವನು ಮೆಟ್ಟಿಲ ಕಡೆ ನೋಡಿದ. ಅಲ್ಲಿ ಹಾಲಿನವನು ಕೂಡ ಅವನನ್ನೇ ನೋಡುತ್ತಿದ್ದ. ಕೆಳಗಿಳಿದು ಹೋದ. ಸ್ವಲ್ಪ ಹೊತ್ತಿಗೆ ದೀಪ ಬಂತು, ಪಂಪು ಗುರ್ ಅಂದಿತು. ಬೆಡ್‌ಶೀಟು ಬಿಚ್ಚಿ ನೋಡಿದರೆ ಹವಳದ ಗುಂಡಿಗಳೆಲ್ಲ ಮುಚ್ಚಿಕೊಂಡಿದ್ದವು. ಮೀನೂ ಇಲ್ಲ, ಸಿಗಡಿಯೂ ಇಲ್ಲ. ಬಿಳಿಯಕ್ಕನ ಕೈಯಲ್ಲಿ ಮಗ್ಗು ಹಾಗೇ ಇತ್ತು. ಆಮೇಲೆ ಬಿಲದ ಬಾಯಿಂದ ಒಂದು ಹಿಡಿಯಲ್ಲ, ಒಂದು ಚಿಟಿಕೆ ಮರಳು ಹೊರಗೆ ಬಂದು ಬಿತ್ತು. ಇನ್ನೊಂದು ಚಿಟಿಕೆ. ಆಮೇಲೆ ಮೀನಿನ ಮೂತಿ, ಅದರ ಬೆನ್ನಿಗೆ ತಾಗಿಕೊಂಡ ಮೀಸೆ. ಆಗ ಅವಳು ಮಗ್ಗು ಕೆಳಗಿಟ್ಟು, ತನ್ನ ತೋಳನ್ನು ತಾನೇ ಒತ್ತಿಕೊಂಡಳು.

ಬೇರೆ ಮೀಟರ್ ನಾನು ಹಾಕಿಸಿಯೇ ಬಿಟ್ಟೆ, ಅವನು ಬೇಡ ಅಂದರೂ. ಗುಂಡಿ ಹವಳ ಈಗ ಅರ್ಧ ಕಲ್ಲು ಹತ್ತಿದೆ. ತೊಟ್ಟಿಯ ಮುಂದಿನ ಸ್ಟೂಲನ್ನು ಬಿಳಿಯಕ್ಕ ತೆಗೆದಿಲ್ಲ. ಬೀದಿ ಗುಡಿಸುವವಳು ಬಂದರೂ, ಗ್ಯಾಸಿನವನು ಬಂದರೂ ಕೂತು ನೋಡಬಹುದು. ಕಲ್ಲು ಸ್ವಲ್ಪ ಕೊಳೆ ಆಗಿದೆಯಲ್ಲ, ತೊಳೆಯಬಾರದಾ ಅಂತ ಯಾರಾದರೂ ಅಂದರೆ, ಅವಳಿಗೆ ಇನ್ನೂ ಬೆರಳು ತುರಿಸುತ್ತೆ, ನನಗೆ ಗೊತ್ತು. ಆದರೂ, "ಇರಲಿ ಬಿಡಿ, ಅದು ಅವರ ಮನೆ" ಅನ್ನುತ್ತಾಳೆ.

ಮೈದುನ ಈಗಲೂ ಚಾವಣಿ ಬೀಳುತ್ತೆ ಅಂತಲೇ ಹೇಳುತ್ತಾನೆ. ಎಲ್ಲಾದರೂ ಸೋರುತ್ತಾ ನೋಡಬೇಕು ಅಂತ ಮೇಲೆ ಬರುತ್ತಾನೆ, ಸ್ಟೂಲಿನ ಮೇಲೆ ಕೂರುತ್ತಾನೆ, ಸೋರುವುದನ್ನು ಬಿಟ್ಟು ಬೇರೆಲ್ಲ ನೋಡುತ್ತಾನೆ. ಮೊನ್ನೆ ಮೀನನ್ನು ಕರೆಯಲು ಗಾಜಿಗೆ ಬೆರಳಿನಿಂದ ತಟ್ಟಲು ಹೋದ.

"ಗಾಜು ಮುಟ್ಟಬೇಡ," ಅಂದಳು ಬಿಳಿಯಕ್ಕ ಅಡುಗೆಮನೆಯಿಂದಲೇ. "ಸುಮ್ಮನೆ ನೋಡೋದಾದ್ರೆ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಕೂತೇ ಇದ್ದ.