ಕುಣಿಗಲ್ ವ್ಯಾನಿನ ದುಡ್ಡು

ತುಮಕೂರಿನಲ್ಲಿ ವಿಶೇಷಚೇತನ ಮಕ್ಕಳಿಗಾಗಿ ಇರುವ ಒಂದು ಸಣ್ಣ ಟ್ರಸ್ಟಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕುಣಿಗಲ್‌ನಲ್ಲೂ ನಮ್ಮದೊಂದು ಶಾಲೆಯಿದೆ. ಕೆಲವು ವರ್ಷಗಳ ಹಿಂದೆ ಗುಬ್ಬಿಯ ನಿವೃತ್ತ ನರ್ಸ್ ಒಬ್ಬರು ಆ ಶಾಲೆಯ ಮಕ್ಕಳನ್ನು ಕರೆತರಲು ಒಂದು ವ್ಯಾನ್ ಕೊಳ್ಳಿ ಎಂದು ತಮ್ಮ ಉಳಿತಾಯದ ದೊಡ್ಡ ಪಾಲನ್ನೇ ಚೆಕ್ ಬರೆದುಕೊಟ್ಟರು. ಜೊತೆಗಿದ್ದ ಕಾಗದದಲ್ಲಿ ‘ವ್ಯಾನಿಗೆ ಮಾತ್ರ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು.

ಹೀಗೆ ಉದ್ದೇಶ ಹೇಳಿ ಕೊಟ್ಟ ದುಡ್ಡನ್ನು ಬೇರೆ ನಿಧಿಯಾಗಿಯೇ ಬರೆದಿಡಬೇಕು. ಇನ್ನೊಂದು ಖರ್ಚಿಗೆ ಮುಟ್ಟುವಂತಿಲ್ಲ. ನನಗದು ಚೆನ್ನಾಗಿಯೇ ಗೊತ್ತಿತ್ತು. ಆದರೆ ಆಗ ಶಿಕ್ಷಕಿಯರಿಗೆ ಎರಡು ತಿಂಗಳ ಸಂಬಳ ಕೊಟ್ಟಿರಲಿಲ್ಲ. ಕಾರ್ಯದರ್ಶಿಗಳು ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಸದ್ಯಕ್ಕೆ ಜನರಲ್ ಡೊನೇಷನ್ ಅಂತ ಹಾಕಮ್ಮ. ಗ್ರಾಂಟ್ ಬಂದ್ಮೇಲೆ ಸರಿ ಮಾಡ್ಕೊಳ್ಳೋಣ.”

ಹಾಕಿದೆ. ದುಡ್ಡು ಸಂಬಳಕ್ಕೆ ಹೋಯಿತು. ಗ್ರಾಂಟ್ ಬರಲಿಲ್ಲ.

ಮೂರು ತಿಂಗಳಾದ ಮೇಲೆ ನರ್ಸಮ್ಮ ಫೋನ್ ಮಾಡಿದರು. “ವ್ಯಾನ್ ಬಂತೇನಮ್ಮ?”

“ಬುಕ್ ಮಾಡಿದೀವಿ ಮೇಡಂ” ಎಂದುಬಿಟ್ಟೆ. ಆ ಸುಳ್ಳನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಫೋನ್ ರಿಂಗಾದರೆ ಮೊದಲು ನಂಬರ್ ನೋಡುತ್ತಿದ್ದೆ. “ನೀನೇನ್ ಮನೆಗ್ ತಂದ್ಯಾ? ಸಂಬಳ ತಾನೇ ಕೊಟ್ಟಿರೋದು, ಬಿಡು” ಎಂದರು ನಮ್ಮ ಯಜಮಾನರು. ಬಿಡಲಾಗಲಿಲ್ಲ. ಬಿಲ್ಲುಗಳನ್ನು ನೋಡಲು ಕುಣಿಗಲ್‌ಗೆ ಹೋಗಿದ್ದ ದಿನ, ತಾಯಿಯೊಬ್ಬಳು ಹತ್ತು ವರ್ಷದ ಮಗಳನ್ನು ಸೊಂಟದ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನಿಂದ ನಡೆದು ಬಂದಳು. ಮಗುವಿನ ಪಾದ ಅವಳ ಮೊಣಕಾಲಿಗೆ ತಾಗುತ್ತಿತ್ತು. “ವ್ಯಾನ್ ಬರ್ತದಂತೆ, ಹೌದಾ ಮೇಡಂ?” ಎಂದು ಕೇಳಿದಳು. ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ.

ಆ ಭಾನುವಾರ ಯಾರಿಗೂ ಹೇಳದೆ ಗುಬ್ಬಿ ಬಸ್ ಹತ್ತಿದೆ. ನರ್ಸಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

“ಟೀಚರ್‌ಗಳಿಗೆ ಸಂಬಳ ಕೊಟ್ಟಿದ್ದು ತಪ್ಪು ಅನ್ನಲ್ಲ ನಾನು. ಒಂದ್ ಮಾತು ಕೇಳಿದ್ರೆ ಹೂಂ ಅಂತಿದ್ನೇನೋ. ಕೇಳ್ಲಿಲ್ವಲ್ಲ. ಮೇಲಿಂದ ಸುಳ್ಳು ಬೇರೆ.”

“ತಪ್ಪಾಯ್ತು ಮೇಡಂ.”

“ತಪ್ಪಾಯ್ತು ಅನ್ನೋದ್ರಿಂದ ನನಗೇನೂ ಆಗ್ಬೇಕಾಗಿಲ್ಲ. ಲೆಕ್ಕ ಬರ್ದು ಕೊಡಿ.”

ಕೂರಿ ಎನ್ನಲೂ ಇಲ್ಲ.

ಸೋಮವಾರ ನಾನೇ ವಿಷಯ ತಿಳಿಸಿದಾಗ ಕಾರ್ಯದರ್ಶಿಗಳು ರೇಗಿದರು. “ನಿನ್ನ ಯಾರು ಅಲ್ಲಿಗ್ ಹೋಗು ಅಂದಿದ್ದು?”

“ಇದನ್ನ ತಿದ್ದದೇ ಇದ್ರೆ ಈ ವರ್ಷದ ಲೆಕ್ಕ ನಾನು ಮುಗಿಸಲ್ಲ ಸಾರ್” ಎಂದೆ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ತಿಳಿದಿದ್ದೆ. ಮೂರನೆಯ ದಿನ, “ಅದೇನ್ ತಿದ್ತೀಯೋ ತಿದ್ದು” ಎಂದರು.

ವ್ಯಾನ್ ನಿಧಿ ಎಂದು ಬೇರೆ ಖಾತೆ ತೆರೆದು, ಸಾಮಾನ್ಯ ನಿಧಿಯಿಂದ ಅದಕ್ಕೆ ಇಷ್ಟು ಬರಬೇಕು ಎಂದು ಬರೆದೆ. ಅದರ ಪ್ರತಿಯನ್ನು ಕಾರ್ಯದರ್ಶಿಗಳ ಸಹಿಯೊಂದಿಗೆ ಗುಬ್ಬಿಗೆ ಕಳಿಸಿದೆವು. ತಿಂಗಳು ತಿಂಗಳೂ ಕೈಲಾದಷ್ಟು ಆ ಖಾತೆಗೆ ಹಿಂತಿರುಗಿಸುತ್ತ ಬಂದು, ಒಂದೂವರೆ ವರ್ಷಕ್ಕೆ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತಂದೆವು.

ನರ್ಸಮ್ಮ ಬಂದು ಸೀಟ್ ಬೆಲ್ಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದು ಸಡಿಲವಾಗಿತ್ತು. ಅದನ್ನು ಸರಿಮಾಡಿಸಿದ ಮೇಲೆಯೇ ಮಕ್ಕಳನ್ನು ಹತ್ತಿಸಲು ಬಿಟ್ಟರು. ಆಮೇಲೆ ಅವರು ನಮಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ. ನನಗೆ ಬೇಸರವಾಯಿತು, ಆಶ್ಚರ್ಯವಾಗಲಿಲ್ಲ.